ನಿಂತುಹೋದ ಹೆಸರುಗಳನ್ನು ಹುಡುಕುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಹಳೆಯ ಆಫೀಸಿನ ಸೆಕ್ಯುರಿಟಿಯವನು. ಅವನೂ ನಾನೂ ಆ ಕಂಪನಿ ಬಿಟ್ಟು ವರ್ಷಗಳಾಗಿದ್ದವು. ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ ನನ್ನ ಗುರುತು ಹಿಡಿದು ಬೈಕು ಪಕ್ಕಕ್ಕೆ ತಂದು, 'ನಿಮ್ಮ ಬೆರಳು ಮೇಡಂ ಹೋಗ್ಬಿಟ್ರಂತೆ ಸಾರ್, ಬೆಳಿಗ್ಗೆ. ಹಾರ್ಟು' ಎಂದ. ದೀಪ ಹಸಿರಾಯಿತು, ಹೊರಟುಹೋದ. ಹಿಂದಿನವರು ಹಾರ್ನ್ ಹೊಡೆಯುವವರೆಗೂ ನಾನು ಅಲ್ಲೇ ನಿಂತಿದ್ದೆ.

ಬೆರಳು ಮೇಡಂ ಎನ್ನುವುದು ಆಫೀಸಿನವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು. ಅವರ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು, ಓಲೆ ಹಾಕುತ್ತಿರಲಿಲ್ಲ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಕೇಳದೆ ಯಾರ ಹೆಸರನ್ನೂ ಸೇರಿಸಬಾರದು, ಕೇಳದೆ ತೆಗೆಯಲೂಬಾರದು ಎನ್ನುತ್ತಿದ್ದರು. ಅವರು ಇದ್ದಾಗ ನಾನು ಕೇಳಲಿಲ್ಲ.

ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಎರಡನೇ ಹಂತದಲ್ಲಿದ್ದ ಸಣ್ಣ ಕಂಪನಿ. ಹೊಸೂರು ರಸ್ತೆಯ ಮೇಲ್ಸೇತುವೆ ಆಗಷ್ಟೇ ತೆರೆದಿದ್ದ ಕಾಲ. ಒಂದು ದೇಶ ಒಂದು ಶಾಸ್ತ್ರದಲ್ಲಿ ಎಷ್ಟು ಸಂಶೋಧನಾ ಲೇಖನ ಪ್ರಕಟಿಸಿದೆ, ಯಾರು ಯಾರ ಜೊತೆ ಸೇರಿ ಬರೆದಿದ್ದಾರೆ, ಯಾವ ಊರಿನವರು ಯಾವ ದೇಶದವರ ಜೊತೆ ಕೈಜೋಡಿಸಿದ್ದಾರೆ ಎಂದು ಅಳೆದು ವರದಿ ಮಾಡಿಕೊಡುವುದು ನಮ್ಮ ಕೆಲಸ. ನಾನು ಲೈಬ್ರರಿ ಸೈನ್ಸ್ ಓದಿದವನು, ತಿಪಟೂರಿನ ಕಡೆಯವನು. ನಮ್ಮ ತಂಡಕ್ಕೆ ಬಂದ ವಿಷಯ ಭಾರತದ ಕ್ಲಿನಿಕಲ್ ಸೈಕಾಲಜಿ. ಅಂದರೆ ಮನಸ್ಸಿನ ಕಾಯಿಲೆಗೆ, ನೋವಿಗೆ ಮಾತಿನ ಚಿಕಿತ್ಸೆ ಕೊಡುವವರ ಶಾಸ್ತ್ರ. ವರದಿ ಕೇಳಿದ್ದು ವಿದೇಶದ ಒಂದು ಪ್ರಕಾಶನ ಸಂಸ್ಥೆ. ಆ ಶಾಸ್ತ್ರ ಬಲ್ಲವರು ಬೇಕೆಂದು ಮೇಡಂ ಅವರನ್ನು ಕರೆತಂದಿದ್ದರು. ಅವರು ವಿಜಯಪುರದ ಕಡೆಯವರು, ಮದುವೆಯಾಗಿರಲಿಲ್ಲ, ಬೇಗೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಕ್ಕನ ಜೊತೆ ಇದ್ದರು. ಮೊದಲ ದಿನವೇ ನನ್ನನ್ನು 'ತಮ್ಮಾ' ಎಂದರು.

ನಮ್ಮ ಕೆಲಸದಲ್ಲಿ ದೊಡ್ಡ ಪೀಡೆ ಹೆಸರುಗಳದ್ದೇ. ಒಬ್ಬರೇ ಲೇಖಕರು ಒಂದು ಕಡೆ ಇನಿಷಿಯಲ್ ಹಾಕಿರುತ್ತಾರೆ, ಇನ್ನೊಂದು ಕಡೆ ಊರಿನ ಹೆಸರು ಸೇರಿಸಿರುತ್ತಾರೆ, ಮತ್ತೊಂದು ಕಡೆ ಬರೀ ಹೆಸರಷ್ಟೇ. ಕಂಪ್ಯೂಟರ್ ಅವರನ್ನು ಮೂವರು ಎಂದು ಎಣಿಸುತ್ತದೆ. ಮದುವೆಯಾಗಿ ಹೆಸರು ಬದಲಿಸಿದ ಹೆಂಗಸರಂತೂ ಇಬ್ಬರಾಗಿಬಿಡುತ್ತಿದ್ದರು. ಇವರನ್ನೆಲ್ಲ ಒಂದು ಮಾಡುತ್ತಾ ಹೋದಾಗ ಮೇಡಂ ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು ಸಂಗತಿ. ಕೆಲವು ಹೆಂಗಸರ ಹೆಸರು ವರ್ಷ ವರ್ಷವೂ ಬಂದು, ಒಂದು ವರ್ಷ ತಟ್ಟನೆ ನಿಂತುಹೋಗುತ್ತಿತ್ತು. ಹೊಸ ಹೆಸರಿನಲ್ಲೂ ಸಿಗುತ್ತಿರಲಿಲ್ಲ. ನಾವು ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದೆವು. ಮೇಡಂ ಬಿಡುತ್ತಿರಲಿಲ್ಲ. 'ಈಕಿ ಎಲ್ಲಿ ಹೋದ್ಲು?' ಎಂದು ಒಂದು ಡೈರಿಯಲ್ಲಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಅಲ್ಲಿ ಇಲ್ಲಿ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಹಾಗೆ ಸಿಕ್ಕವರಲ್ಲಿ ಒಬ್ಬರು ಮಾದನಾಯಕನಹಳ್ಳಿಯ ಹತ್ತಿರ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡಿದ್ದರು. ಒಂದು ಕಾಲಕ್ಕೆ ಒಳ್ಳೊಳ್ಳೆಯ ಲೇಖನ ಬರೆದವರು. ಫೋನಿನಲ್ಲಿ ಮೊದಲು ಶಾಲೆಯ ಮಾತನ್ನಷ್ಟೇ ಆಡಿದರಂತೆ. ಆಮೇಲೆ ಹೇಳಿದರಂತೆ, ಗಂಡ ಅವರ ಪಿಎಚ್‌ಡಿ ಕಾಗದಗಳನ್ನು ಬಚ್ಚಲ ಹಂಡೆಯ ಒಲೆಗೆ ತುರುಕಿದ, ತೆಗೆಯಲು ಹೋದಾಗ ಇವರ ಕೈಯನ್ನೂ ಒಲೆಯ ಬಾಯಿಗೆ ಹಿಡಿದು ಕೂತ ಎಂದು. ಅತ್ತೆ ಬಂದು ಬಿಡಿಸುವ ಹೊತ್ತಿಗೆ ಅಂಗೈಯ ಚರ್ಮ ಸುಲಿದು ಬಂದಿತ್ತಂತೆ. ಮೇಡಂ ಫೋನ್ ಇಟ್ಟರು. ಆಮೇಲೆ ಆ ಹೆಸರಿನ ಮುಂದಿದ್ದ ಷರಾದ ಅಂಕಣದಲ್ಲಿ 'ಲೇಖಕಿ ಬದುಕಿದ್ದಾರೆ' ಎಂದು ಟೈಪ್ ಮಾಡಿದರು. ವರದಿಗೆ ಆ ಅಂಕಣ ಬೇಕಿರಲಿಲ್ಲ. ಅದನ್ನು ಸೇರಿಸಿದವರು ಅವರೇ.

ಅವರು ಸಾಧು ಹೆಂಗಸು ಎಂದು ಇದನ್ನು ಓದಿ ಯಾರೂ ತಿಳಿಯಬಾರದು. ನಮ್ಮ ಕಂಪನಿ ಬಸ್ಸಿನಲ್ಲಿ ಕಸ ಗುಡಿಸುವ ಹೆಂಗಸರೂ ಬರುತ್ತಿದ್ದರು. ಸೀಟು ಇಲ್ಲದೆ ನಿಂತಿದ್ದ ಅವರಲ್ಲೊಬ್ಬಳ ಸೊಂಟಕ್ಕೆ ನಮ್ಮದೇ ಮಹಡಿಯ ಒಬ್ಬ ಟೀಮ್ ಲೀಡರ್ ದಿನವೂ ಕೈ ತಾಗಿಸುತ್ತಿದ್ದ. ಅವಳು ಜರುಗಿದಷ್ಟೂ ಇವನೂ ಜರುಗುತ್ತಿದ್ದ. ಒಂದು ಬೆಳಿಗ್ಗೆ ಮೇಡಂ ಎದ್ದುಹೋಗಿ ಅವನ ಪಕ್ಕ ನಿಂತರು. ಉದ್ದ ಹಿಡಿಯ ಹಳೇ ಕೊಡೆ, ತುದಿಯಲ್ಲಿ ಕಬ್ಬಿಣದ ಮೊನೆ. ಅದನ್ನು ಅವನ ಪಾದದ ಮೇಲಿಟ್ಟು ತಮ್ಮ ಮೈಭಾರವನ್ನೆಲ್ಲ ಬಿಟ್ಟರು. ಅವನು ಕಿರುಚಿದ. ಬಸ್ಸು ನಿಂತಿತು. ಷೂಸಿನ ಬಟ್ಟೆ ತೂತಾಗಿ ರಕ್ತ ಬಂದಿತ್ತು. ಇವರು ತಣ್ಣಗೆ, ಬ್ರೇಕ್ ಹಾಕಿದರಲ್ಲ, ಆಯ ತಪ್ಪಿತು ಎಂದರು. ಬಸ್ಸು ಬ್ರೇಕ್ ಹಾಕಿಯೇ ಇರಲಿಲ್ಲ. ಇಳಿದ ಮೇಲೆ ನಾನು ನಗುತ್ತಾ, ಸಕ್ಕತ್ತಾಗಿ ಮಾಡಿದ್ರಿ ಎಂದೆ. ಅವರು ನಗಲಿಲ್ಲ. ಕೊಡೆಯನ್ನು ಎಡಗೈಗೆ ಬದಲಿಸಿ, ಬೆರಳು ಮಡಚದ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಆ ಕೈಯ ಕಥೆ ನನಗೆ ಗೊತ್ತಾಗಿದ್ದು ನಮ್ಮ ವರದಿಯಿಂದಲೇ. ಯಾವ ಊರು ಯಾವ ದೇಶದ ಜೊತೆ ಕೈಜೋಡಿಸಿದೆ ಎಂದು ತೋರಿಸಲು ನಾವೊಂದು ನಕ್ಷೆ ಮಾಡುತ್ತಿದ್ದೆವು. ಊರಿಗೊಂದು ಚುಕ್ಕೆ, ಜೊತೆಗಾರಿಕೆಗೊಂದು ಗೆರೆ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಒಂದು ದಪ್ಪ ಗೆರೆ ಸಿಕ್ಕಿತು. ಅದರ ಬುಡದಲ್ಲಿ ಒಂದು ಲೇಖನ: ಕಾರ್ಖಾನೆ ಪ್ರದೇಶದ ಹೆಂಗಸರು ಮನೆಯಲ್ಲಿ ತಿನ್ನುವ ಹೊಡೆತ, ಅದರಿಂದ ಅವರ ಮನಸ್ಸಿಗೆ ಆಗುವುದೇನು ಎಂಬುದರ ಬಗ್ಗೆ. ಮೂರು ದೇಶಗಳ ಲೇಖಕರು. ಅದನ್ನು ಬಹಳ ಜನ ಉಲ್ಲೇಖಿಸಿದ್ದರು. ವರದಿಯ ಮೊದಲ ಪುಟಕ್ಕೆ ಇದೇ ಸರಿ ಎಂದು ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ಲೇಖಕರ ಪಟ್ಟಿಯನ್ನು ಓದಿ, ಕೊನೇ ಪುಟ ತೆಗಿ ಎಂದರು. ಅಲ್ಲಿ ಸಣ್ಣ ಅಕ್ಷರದಲ್ಲಿ, ಮನೆಮನೆಗೆ ಹೋಗಿ ಮಾಹಿತಿ ತಂದ ಸಿಬ್ಬಂದಿಗೆ ಧನ್ಯವಾದ ಎಂದಿತ್ತು.

'ಆ ಸಿಬ್ಬಂದಿ ನಾನಪಾ' ಎಂದರು.

ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಹೇಳಿದರು. ಒಂದೇ ಸಲ ಹೇಳಿದ್ದು, ಮತ್ತೆಂದೂ ಆ ಮಾತು ಎತ್ತಲಿಲ್ಲ.

ಪೀಣ್ಯದಲ್ಲಿ ಸಾಲುಮನೆಗಳು. ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಪ್ರಶ್ನೆಪತ್ರಿಕೆ ಹಿಡಿದು ಹೋಗುವಾಗ ಇಬ್ಬರು ಇರಬೇಕು, ಒಬ್ಬರು ಒಳಗೆ ಕೇಳಬೇಕು, ಇನ್ನೊಬ್ಬರು ಹೊರಗೆ ಕಾಯಬೇಕು ಎಂಬುದು ನಿಯಮ. ಯಾರಾದರೂ ಬಂದರೆ ಆ ಹಾಳೆ ಮುಚ್ಚಿ, ಕುಡಿಯುವ ನೀರಿನ ಬಗ್ಗೆ ಪ್ರಶ್ನೆ ಇರುವ ಬೇರೆ ಹಾಳೆ ತೆಗೆಯಬೇಕು. ಆದರೆ ಹೊರದೇಶದವರಿಗೆ ತಿಂಗಳ ಕೊನೆಯೊಳಗೆ ಎಲ್ಲ ಹಾಳೆಗಳೂ ಬೇಕಿದ್ದವು. ಹಾಗಾಗಿ ಒಬ್ಬೊಬ್ಬರೇ ಹೋಗಿ ಎಂದು ಮೇಲಿನವರು ಹೇಳಿದರು. ಮೇಡಂ ಒಬ್ಬರೇ ಹೋದರು.

ಹಾಗೆ ಒಬ್ಬರೇ ಹೋದ ಒಂದು ಮನೆಯವಳ ಹೆಸರು ಗೌರವ್ವ. ಕೊಪ್ಪಳದ ಕಡೆಯಿಂದ ಬಂದವಳು, ಗಾರ್ಮೆಂಟ್ಸ್ ಕೆಲಸ, ಅವತ್ತು ರಜೆ ಹಾಕಿದ್ದಳು. ಗಂಡ ಲೇತ್ ಯಂತ್ರದ ಶೆಡ್ಡಿನಲ್ಲಿ. ತಮ್ಮ ಕಡೆಯ ಮಾತು ಕೇಳಿ ಅವಳಿಗೆ ಹಿಗ್ಗು. ಮೇಡಂಗೆ ಚಹಾ ಮಾಡಿಕೊಟ್ಟು ಒಂದೊಂದೇ ಪ್ರಶ್ನೆಗೆ ಉತ್ತರ ಹೇಳಿದಳು. ಕಾಲಲ್ಲಿ ಒದ್ದದ್ದು, ಕೂದಲು ಹಿಡಿದು ಎಳೆದದ್ದು, ಬಸುರಿಯಿದ್ದಾಗ ಹೊಟ್ಟೆಗೆ ಹೊಡೆದು ಕೂಸು ಹೋದದ್ದು. ಕೊನೆಯ ಪ್ರಶ್ನೆ, ಗಂಡನಿಗೆ ಅಂಜುತ್ತೀಯಾ ಎಂದು. ಅದಕ್ಕವಳು ಬಾಯಿ ತೆಗೆಯುವ ಹೊತ್ತಿಗೆ ಗಂಡ ಒಳಗೆ ಬಂದ. ಕರೆಂಟು ಹೋಗಿ ಶೆಡ್ಡಿನವರು ಮನೆಗೆ ಕಳಿಸಿದ್ದರು. ಎಷ್ಟು ಹೊತ್ತಿನಿಂದ ಕಿಟಕಿಯ ಹೊರಗೆ ನಿಂತಿದ್ದನೋ, ಎಲ್ಲ ಕೇಳಿಸಿಕೊಂಡಿದ್ದ.

ಬಾಗಿಲ ಮೂಲೆಯಲ್ಲಿದ್ದ ಕಬ್ಬಿಣದ ಪೈಪು ತೆಗೆದುಕೊಂಡು ಮೊದಲು ಹೊಡೆದದ್ದು ಮೇಡಂಗೆ. ತಲೆಗೆ ಬರುತ್ತಿದ್ದ ಏಟಿಗೆ ಕೈ ಅಡ್ಡ ಹಿಡಿದರು, ಬೆರಳು ಮುರಿದವು. ಓಡಲು ತಿರುಗಿದಾಗ ಓಲೆ ಹಿಡಿದು ಎಳೆದ, ಹಾಲೆ ಹರಿಯಿತು. ಗೌರವ್ವ ನಡುವೆ ಬಂದಳು. ಅವಳನ್ನು ಗೋಡೆಗೆ ಒತ್ತಿ ಹೊಡೆಯತೊಡಗಿದ. ಸಾಲುಮನೆಯವರು ಸೇರಿ ಅವನನ್ನು ಹಿಡಿಯುವುದರೊಳಗೆ ಕೋಣೆಯ ತುಂಬ ರಕ್ತ. ಪೊಲೀಸರು ಬಂದು, ಗಂಡಹೆಂಡಿರ ಜಗಳ ಎಂದು ಅವನಿಗೆ ಬುದ್ಧಿ ಹೇಳಿ ಬಿಟ್ಟರು. ಮೇಡಂ ಆಸ್ಪತ್ರೆಯಲ್ಲಿದ್ದಾಗಲೇ ಗೌರವ್ವ ಸುಟ್ಟು ಸತ್ತ ಸುದ್ದಿ ಬಂತು. ಸ್ಟೋವ್ ಸಿಡಿಯಿತು ಎಂದು ಬರೆಸಿದ್ದರು.

'ನಾ ಆ ಮನ್ಯಾಗ ಚಾ ಕುಡದಿದ್ದೆ ತಮ್ಮಾ. ಅಲ್ಲಿ ಗ್ಯಾಸ್ ಇತ್ತು. ಸ್ಟೋವ್ ಇರಲೇ ಇಲ್ಲ.'

ಅದನ್ನೇ ಹೇಳಿಕೆ ಕೊಡಲು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಸ್ಟೇಷನ್ನಿಗೆ ಹೋದರು. ಅವನನ್ನೂ ಕರೆಸಿದ್ದರು. ಬೆಂಚಿನ ಮೇಲೆ ಕೂತು ಬೀಡಿ ಕೇಳುತ್ತಿದ್ದನಂತೆ. ಮೇಡಂ ಎದ್ದುಹೋಗಿ ಆ ಪ್ಲಾಸ್ಟರಿನ ಕೈಯಿಂದಲೇ ಅವನ ಮುಖಕ್ಕೆ ಹೊಡೆದರು. ಅವನ ಹಲ್ಲು ಉದುರಿ, ಪ್ಲಾಸ್ಟರ್ ಒಡೆದು, ಇಬ್ಬರು ಹೆಣ್ಣು ಪೇದೆಗಳು ಹಿಡಿದೆಳೆಯುವವರೆಗೂ ಹೊಡೆದರು. ಕೂಡಿಕೊಳ್ಳುತ್ತಿದ್ದ ಮೂಳೆ ಮತ್ತೆ ಮುರಿಯಿತು.

'ಮೊದಲನೇ ಸಲ ಅಂವ ಮುರದಾ, ಎರಡನೇ ಸಲ ನಾನ ಮುರಕೊಂಡೆ. ಅವತ್ತು ಹೊಡಿಯೂ ಮುಂದ ಭಾಳ ಹಿತ ಅನಸ್ತು ನನಗ. ಅಂವ ಅಳಾಕತ್ತಿದ್ದಾ, ನನಗ ಇನ್ನಷ್ಟು ಹಿತ ಆತು. ಅದನ್ನ ನೆನಸಿಕೊಂಡ್ರ ಈಗೂ ಅಂಜಿಕಿ ಬರತೈತಿ.'

ಸಾಲುಮನೆಯವರು ಯಾರೂ ಸಾಕ್ಷಿ ಹೇಳಲಿಲ್ಲ. ಕೇಸು ನಿಲ್ಲಲಿಲ್ಲ, ಅವನು ಊರು ಬಿಟ್ಟ. ಮೇಡಂಗೆ ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ಆಮೇಲೆ. ಲೇಖನ ಅಚ್ಚಾಗಿ ಬಂದಾಗ ಹಾಳೆಗಳ ಲೆಕ್ಕ ತೆಗೆಸಿ ನೋಡಿದರೆ ಗೌರವ್ವನ ಹಾಳೆ ಎಣಿಕೆಯಲ್ಲೇ ಇರಲಿಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದು 'ಅಪೂರ್ಣ' ಎಂಬ ಗುಂಪಿಗೆ ಸೇರಿಸಿ ತೆಗೆದುಹಾಕಿದ್ದರು. ಆ ಅಧ್ಯಯನದಲ್ಲಿ ಉತ್ತರ ಹೇಳಿದ್ದಕ್ಕೇ ಸತ್ತವಳು ಅವಳೊಬ್ಬಳು. ಅವಳೇ ಅದರಲ್ಲಿ ಇಲ್ಲ. ತಮ್ಮ ಹೆಸರು ಹಾಕದಿದ್ದುದಕ್ಕೆ ಮೇಡಂ ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ. ಗೌರವ್ವನ ಮಾತು ಬಂದಾಗ ಮಾತ್ರ ಅವರ ದನಿ ಗಟ್ಟಿಯಾಯಿತು. ಅಲ್ಲಿಂದ ಮುಂದೆ ಅವರು ಮನೆಮನೆಗೆ ಹೋಗುವ ಕೆಲಸ ಬಿಟ್ಟರು.

ಇಷ್ಟೆಲ್ಲ ಕೇಳಿ ನಾನು ತಲೆ ತಗ್ಗಿಸಿ ಕೂತೆ. ಅವರು ಅದನ್ನು ಮರುಕವೆಂದು ತಿಳಿದರೋ ಏನೋ. ಅದು ಮರುಕವಲ್ಲ. ನಾನೂ ನನ್ನ ಹೆಂಡತಿಯನ್ನು ಹೊಡೆಯುತ್ತಿದ್ದೆ.

ಅದನ್ನು ಬರೆಯದಿದ್ದರೆ ಮೇಡಂ ಬಗ್ಗೆ ನಾನು ಬರೆದದ್ದೆಲ್ಲ ಸುಳ್ಳಾಗುತ್ತದೆ. ನನ್ನ ಹೆಂಡತಿಯನ್ನು ಇಲ್ಲಿ ಶಶಿಕಲಾ ಎನ್ನುತ್ತೇನೆ, ಕೇಳದೆ ಅವಳ ನಿಜವಾದ ಹೆಸರನ್ನೂ ಬರೆಯುವಂತಿಲ್ಲ. ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆ. ಮದುವೆಯಾದ ಎರಡನೇ ವರ್ಷ, ಫೋನಿನಲ್ಲಿ ಮೆಲ್ಲಗೆ ಮಾತಾಡಿ ಎಂದಿದ್ದಕ್ಕೆ ಮೊದಲ ಸಲ ಕೆನ್ನೆಗೆ ಹೊಡೆದೆ. ಮಾರನೇ ದಿನ ಹೂ ತಂದುಕೊಟ್ಟೆ. ಆಮೇಲೆ ಹೂ ತರುವುದು ನಿಂತಿತು, ಹೊಡೆಯುವುದು ನಿಲ್ಲಲಿಲ್ಲ. ನಾನು ಕುಡಿಯುತ್ತಿರಲಿಲ್ಲ. ಆಫೀಸಿನಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಕ್ಯಾಂಟೀನಿನಲ್ಲಿ ಗೌರವ್ವನ ಕಥೆ ಕೇಳಿದ ಮೇಲೂ, ಆ ಗಂಡ ಬೇರೆ ಜಾತಿಯ ಪ್ರಾಣಿ, ನಾನು ಅಂಥವನಲ್ಲ ಎಂದೇ ಅಂದುಕೊಂಡೆ. ಅದಾಗಿ ಎರಡು ವಾರವಾಗಿರಲಿಲ್ಲ, ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ಜಡೆ ಹಿಡಿದು ತಲೆಯನ್ನು ಕಡಪಕಲ್ಲಿನ ಅಂಚಿಗೆ ಬಡಿದೆ. ಹುಬ್ಬು ಸೀಳಿತು. ಅವಳು ಕೂಗಲಿಲ್ಲ. ಕೂಗಲಿಲ್ಲವಲ್ಲ ಎಂದು ಸಿಟ್ಟು ಇನ್ನೂ ಏರಿ ಮತ್ತೆ ಗುದ್ದಿದೆ; ಅವಳು ಬಾಗಿದಳು, ನನ್ನ ಮುಷ್ಟಿ ಪಾತ್ರೆ ಸ್ಟ್ಯಾಂಡಿಗೆ ಬಿತ್ತು. ಕಾರಣ ಏನೆಂದು ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ.

ಸೋಮವಾರ ಮೇಡಂ ನನ್ನ ಕೈ ನೋಡಿದರು. ಬಾಗಿಲು ತಾಗಿತು ಎಂದೆ.

'ಬಾಗಲಾ ತಾಗಿದ್ರ ಬೆರಳ ತುದಿ ಜಜ್ಜತೈತಿ ತಮ್ಮಾ. ಗೆಣ್ಣು ಅಲ್ಲ' ಎಂದರು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, 'ಆಕಿ ಜೀವಂತ ಅದಾಳಲ್ಲ?' ಎಂದು ಕೇಳಿದರು.

ನಾನು ಹೂಂ ಎಂದೆ. ಆ ಹೂಂ ಎಂದದ್ದೇ ನಾನು ಒಪ್ಪಿಕೊಂಡದ್ದು. ಸಂಜೆ ನನ್ನ ಜೊತೆ ಮನೆಗೆ ಬರುತ್ತೇನೆ, ಬೇಡವೆಂದರೆ ನೇರ ಸ್ಟೇಷನ್ನಿಗೆ ಹೋಗುತ್ತೇನೆ, ಯಾವುದೆಂದು ನೀನೇ ಹೇಳು ಎಂದರು. ಮನೆಗೇ ಬನ್ನಿ ಎಂದೆ. ಆಫೀಸಿನ ಕ್ಯಾಬಿನಲ್ಲಿ ಇಬ್ಬರೂ ಹೆಬ್ಬಗೋಡಿಗೆ ಬಂದೆವು. ಶಶಿಕಲಾ ಬಾಗಿಲು ತೆಗೆದಳು, ಹುಬ್ಬಿನ ಮೇಲೆ ಬ್ಯಾಂಡೇಜು. ಮೇಡಂ ಒಳಗೆ ಹೋಗಿ, ಒಂದು ತಾಸು ಹೊರಗಿದ್ದು ಬಾ ಎಂದು ನನ್ನನ್ನು ಕಳಿಸಿ ಚಿಲಕ ಹಾಕಿಕೊಂಡರು. ಕಿಟಕಿಯನ್ನೂ ಮುಚ್ಚಿದರು.

ನಾನು ಬೀದಿಯ ಕೊನೆಯಲ್ಲಿ ಮುಚ್ಚಿದ್ದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆ. ಮೇಡಂ ಏನು ಕೇಳುತ್ತಿರಬಹುದು ಎಂದು ನನಗೆ ಗೊತ್ತಿತ್ತು. ಆ ಲೇಖನದ ಕೊನೆಯಲ್ಲಿ ಪ್ರಶ್ನೆಗಳೆಲ್ಲ ಅಚ್ಚಾಗಿದ್ದವು, ನಾನೇ ಓದಿದ್ದೆ. ಒಂದೊಂದಕ್ಕೂ ಶಶಿಕಲಾ ಏನು ಹೇಳಬಹುದೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ತಳ್ಳಿದ್ದಾರಾ, ಹೌದು. ಕೂದಲು ಹಿಡಿದು ಎಳೆದಿದ್ದಾರಾ, ಹೌದು. ಕೊನೆಯದಕ್ಕೆ, ಗಂಡನಿಗೆ ಅಂಜುತ್ತೀಯಾ ಎಂಬುದಕ್ಕೆ, ಬರುವ ಹೊತ್ತಿಗೆ ಕಟ್ಟೆಯಿಂದ ಎದ್ದುಬಿಟ್ಟೆ.

ವಾಪಸು ಹೋದಾಗ ಅವಳ ಬ್ಯಾಗು ಬಾಗಿಲ ಬಳಿ ಇತ್ತು. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ನಿಜ ಹೇಳಬೇಕೆಂದರೆ ಆ ಕ್ಷಣ ಇಬ್ಬರನ್ನೂ ಹೊಡೆದು ಒಳಗೆ ಹಾಕಬೇಕು ಅನ್ನಿಸಿತು. ಮುಷ್ಟಿ ತಾನಾಗಿ ಬಿಗಿಯಿತು. ಮೇಡಂ ಅದನ್ನು ನೋಡಿದರು. ನೋಡಿ, ಶಶಿಕಲಾಳನ್ನು ಬೆನ್ನ ಹಿಂದೆ ಸರಿಸಿಕೊಂಡು, 'ದಾರಿ ಬಿಡು. ನನ್ನ ಕೈಯಾಗೂ ಇದು ಐತಿ, ನಾ ಬಲ್ಲೆ. ಇವತ್ತು ಇಬ್ಬರೂ ತಡಕೊಳ್ಳೂಣು' ಎಂದರು. ಅವರ ದನಿ ಏರಿರಲಿಲ್ಲ. ಅವರಿಗೆ ಹೆದರಿಕೆ ಆಗಿದೆ ಎಂದು ನನಗೆ ಕಂಡಿತು, ಆದರೂ ಅವರು ಅಲುಗಲಿಲ್ಲ. ನಾನು ಪಕ್ಕಕ್ಕೆ ಸರಿದೆ. ಅವರಿಬ್ಬರೂ ಕ್ಯಾಬು ಹತ್ತಿ ಹೋದರು.

ಮಾರನೇ ದಿನ ಆಫೀಸಿಗೆ ಹೋಗುವುದೋ ಬೇಡವೋ ಎಂದು ಒದ್ದಾಡಿದೆ. ಹೋದೆ. ಮೇಡಂ ಎಂದಿನಂತೆ ಪಕ್ಕದ ಕುರ್ಚಿಯಲ್ಲಿ ಕೂತು, ಕೇರಳದ ಲೇಖಕರ ಹೆಸರುಗಳನ್ನು ಒಂದು ಮಾಡು, ಕೆಲಸ ಹಿಂದೆ ಬಿದ್ದಿದೆ ಎಂದರು. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಹಾಗೇ ಕೆಲಸ ಮಾಡಿದೆವು. ಶಶಿಕಲಾ ಜಿಗಣಿಯಲ್ಲಿ ಔಷಧಿ ಕಾರ್ಖಾನೆಗೆ ಸೇರಿ ಅಲ್ಲೇ ಹಾಸ್ಟೆಲ್ಲಿನಲ್ಲಿದ್ದಾಳೆಂದು ಆಮೇಲೆ ವಕೀಲರ ನೋಟಿಸಿನಿಂದ ತಿಳಿಯಿತು. ಒಂದು ದಿನ ತಡೆಯಲಾರದೆ, ಅವತ್ತು ಅವಳು ಏನು ಹೇಳಿದಳು ಎಂದು ಮೇಡಂ ಅವರನ್ನು ಕೇಳಿದೆ. ಅದು ಆಕೆಯ ಮಾತು, ಆಕೆಯನ್ನೇ ಕೇಳು. ಆಕೆಗೆ ಹೇಳುವ ಮನಸ್ಸಿಲ್ಲದಿದ್ದರೆ ತಿಳಿಯದೆ ಬದುಕುವುದನ್ನು ಕಲಿ ಎಂದರು. ನನಗೆ ಒಬ್ಬ ಡಾಕ್ಟರರ ವಿಳಾಸ ಬರೆದುಕೊಟ್ಟರು. ನಾನು ಹೋದೆ. ಬಹಳ ದಿನ ಹೋದೆ.

ವರದಿ ಮುಗಿಯಿತು. ಮೇಡಂ ಅದರ ಕೊನೆಗೆ ಒಂದೇ ಒಂದು ಪುಟ ಸೇರಿಸಿದ್ದರು. ಈ ದೇಶದ ಲೇಖನಗಳಿಗೆ ಮಾಹಿತಿ ತಂದವರಲ್ಲಿ ಲೇಖಕರ ಪಟ್ಟಿಗೆ ಬಾರದವರು, ಬರೆಯುತ್ತಿದ್ದು ನಿಂತುಹೋದ ಹೆಂಗಸರು, ಉತ್ತರ ಹೇಳಿದರೂ ಎಣಿಕೆಗೆ ಸೇರದವರು, ಇವರನ್ನು ಅಳೆಯುವ ದಾರಿ ನಮ್ಮಲ್ಲಿಲ್ಲ, ಆದ್ದರಿಂದ ಈ ನಕ್ಷೆ ಅಪೂರ್ಣ ಎಂದು. ಪ್ರಕಾಶನ ಸಂಸ್ಥೆಯವರಿಗೆ ಅದು ಹಿಡಿಸಲಿಲ್ಲ. ಪುಟ ತೆಗೆಯಿರಿ ಎಂದರು. ಮ್ಯಾನೇಜರ್ ತೆಗೆದರು. ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಮೇಡಂ ಬರೆದುಕೊಟ್ಟು, ಅದೇ ವಾರ ಕೆಲಸ ಬಿಟ್ಟರು. ವರದಿ ಅಚ್ಚಾದಾಗ ಮೊದಲ ಹೆಸರು ನನ್ನದಿತ್ತು. ಬೇಡ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಆ ಹೆಸರಿನ ಬಲದ ಮೇಲೆ ವೈಟ್‌ಫೀಲ್ಡಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಕೆಲಸ ಸಿಕ್ಕಿತು.

ಅದಾದ ಮೇಲೆ ಅವರನ್ನು ನಾನು ನೋಡಲಿಲ್ಲ. ಸುದ್ದಿ ತಿಳಿದ ದಿನ ಬೈಕು ತಿರುಗಿಸಿಕೊಂಡು ಬೇಗೂರಿಗೆ ಹೋದೆ. ಮಣ್ಣಿಗೆ ತೆಗೆದುಕೊಂಡು ಹೋಗಿದ್ದಾರೆ ಎಂದರು, ರುದ್ರಭೂಮಿಗೆ ಹೋದೆ. ಗಂಡಸರು ನಾಲ್ಕಾರು ಜನ, ಹೆಂಗಸರೇ ಹೆಚ್ಚು. ಯಾರೆಂದು ನನಗೆ ಗೊತ್ತಿಲ್ಲದ ಹೆಂಗಸರು, ಗಾರ್ಮೆಂಟ್ಸ್ ಐಡಿ ಕಾರ್ಡು ಕೊರಳಲ್ಲಿ ಹಾಗೇ ಇದ್ದವರು, ಕಾರಿನಲ್ಲಿ ಬಂದವರು. ಅವರ ಮಧ್ಯೆ ಶಶಿಕಲಾ ಇದ್ದಳು. ಹುಬ್ಬಿನ ಮೇಲೆ ಒಂದು ಬಿಳಿಯ ಗೆರೆ. ಅಲ್ಲಿ ಕೂದಲು ಬೆಳೆದಿರಲಿಲ್ಲ. ಮಣ್ಣು ಹಾಕಿ ಕೈ ತೊಳೆದು ಹೊರಗೆ ಬಂದಾಗ ನನ್ನನ್ನು ನೋಡಿದಳು. ತಪ್ಪಿಸಿಕೊಂಡು ಹೋಗಲಿಲ್ಲ. ಹತ್ತಿರ ಬಂದು, ಎರಡು ಮಾರು ದೂರದಲ್ಲಿ ನಿಂತಳು.

ಚೆನ್ನಾಗಿದ್ದೀಯಾ ಎಂದೆ. ಚೆನ್ನಾಗಿದ್ದೀನಿ ಎಂದಳು. ಆಮೇಲೆ ನೇರವಾಗಿ ಕೇಳಿದಳು.

'ಹೊಡೆಯೋದು ಬಿಟ್ರಾ?'

'ಬಿಟ್ಟೆ. ಅವತ್ತಿಂದ ಯಾರ ಮೇಲೂ ಕೈ ಎತ್ತಿಲ್ಲ.'

'ಮನೇಲಿ ಯಾರಿದಾರೆ?'

'ಯಾರೂ ಇಲ್ಲ. ಒಬ್ನೇ ಇದೀನಿ.'

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. 'ಹಂಗಾದ್ರೆ ಬಿಟ್ಟಿದೀನಿ ಅನ್ಬೇಡಿ' ಎಂದಳು. 'ಇನ್ನೂ ಗೊತ್ತಿಲ್ಲ ಅನ್ನಿ.'

ಅಷ್ಟು ಹೇಳಿ, ಗೇಟಿನ ಬಳಿ ಕಾಯುತ್ತಿದ್ದ ಹೆಂಗಸರ ಜೊತೆ ಆಟೋ ಹತ್ತಿದಳು. ಅವಳು ಹೇಳಿದ್ದು ಸರಿಯಾಗಿತ್ತು.